ಬಂಡಿ ಬಡಿಗೇರ ಮಾಡಿದ ಗಿಟಾರಿನ ಕತ್ತು

ಕೆಂಭಾವಿಯ ಚಂದ್ರಾಮಪ್ಪ ಬಡಿಗೇರನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ. ಅವನ ಬಗ್ಗೆ ಈ ಸೀಮೆಯಲ್ಲಿ ಓಡಾಡುತ್ತಿರುವ ಹೊಲಸು ಮಾತು ಮೊದಲು ಹೊರಟದ್ದು ನನ್ನ ಬಾಯಿಂದಲೇ. ನನ್ನ ಹೆಸರು ಜಗದೇವಪ್ಪ. ಶಹಾಪುರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದೇನೆ. ಮೂವತ್ತು ವರ್ಷದಿಂದ ಮದುವೆ, ಸನ್ಮಾನ, ಶಾಲೆಯ ವಾರ್ಷಿಕೋತ್ಸವ ಎಲ್ಲ ಕಡೆ ಎಲೆಕ್ಟ್ರಿಕ್ ಗಿಟಾರು ಬಾರಿಸುತ್ತ ಬಂದಿದ್ದೇನೆ. ಜನ ನನ್ನನ್ನು ಮಾಸ್ತರ ಎನ್ನುತ್ತಾರೆ. ಯಾರಿಗೂ ಏನನ್ನೂ ಕಲಿಸಿದವನಲ್ಲ, ಆದರೆ ಕೈಯಲ್ಲಿ ಮೈಕು ಇದ್ದವನಿಗೆ ನಮ್ಮಲ್ಲಿ ಮರ್ಯಾದೆ ತಾನಾಗಿ ಬರುತ್ತದೆ. ಆ ಮರ್ಯಾದೆಯ ಮೇಲೆ ನನಗೀಗ ವಾಕರಿಕೆ ಬರುವಷ್ಟು ಹೇಸಿಗೆ ಹುಟ್ಟಿದೆ.

ಚಂದ್ರಾಮಣ್ಣನಿಗೆ ಈಗ ಅರವತ್ತಮೂರು ವರ್ಷ. ಅವನ ಮನೆತನದವರು ಎತ್ತಿನ ಬಂಡಿ ಮಾಡುವವರು. ಎಂಟನೆಯ ವಯಸ್ಸಿಗೇ ಅವನು ಅಪ್ಪನ ಎದುರು ನಿಂತು ದೊಡ್ಡ ಗರಗಸದ ಇನ್ನೊಂದು ತುದಿ ಹಿಡಿದಿದ್ದನಂತೆ. ಹನ್ನೆರಡಕ್ಕೆ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುವ ಕೆಲಸಕ್ಕೆ ಇಳಿದ. ಸಗಣಿ ಕುಳ್ಳಿನ ಬೆಂಕಿಯಲ್ಲಿ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಮೂವರು ಇಕ್ಕಳದಲ್ಲಿ ಎತ್ತಿ ಮರದ ಗಾಲಿಯ ಮೇಲೆ ಇಳಿಸಿ, ತಕ್ಷಣ ನೀರು ಸುರಿಯಬೇಕು. ಪಟ್ಟಿ ಕುಗ್ಗಿ ಮರವನ್ನು ಅಪ್ಪಿಕೊಳ್ಳುವಾಗ ಗಾಲಿ ಒಳಗಿಂದ ಕಿರುಗುಟ್ಟುತ್ತದೆ. ಆ ಸದ್ದು ಕೇಳಿದರೆ ಸಾಕು, ಗಾಲಿ ಹತ್ತು ವರ್ಷ ಬಾಳುತ್ತದೋ ಎರಡೇ ವರ್ಷಕ್ಕೆ ಸಡಿಲಾಗುತ್ತದೋ ಎಂದು ಅವನು ಹೇಳಿಬಿಡುತ್ತಿದ್ದ. ವಡಗೇರಾ ಕಡೆಯಿಂದಲೂ ರೈತರು ಅವನ ಬಂಡಿಗಾಗಿ ಬಂದು ಪಾಳಿ ಹಚ್ಚುತ್ತಿದ್ದರು.

ಆಮೇಲೆ ಟ್ರ್ಯಾಕ್ಟರು ಬಂದವು. ಅವನು ಮಾಡಿದ ಕಡೆಯ ಬಂಡಿಯನ್ನು ಹೆದ್ದಾರಿಯ ಪಕ್ಕದ ಒಂದು ಢಾಬಾದವರು ಕೊಂಡುಕೊಂಡು, ಅದಕ್ಕೆ ಕೆಂಪು ಹಳದಿ ಬಣ್ಣ ಬಳಿದು ಬಾಗಿಲಲ್ಲಿ ನಿಲ್ಲಿಸಿದರು. ಊಟಕ್ಕೆ ಬಂದವರು ಅದರ ಮೇಲೆ ಕೂತು ಫೋಟೊ ತೆಗೆಸಿಕೊಂಡು, ಗುಟ್ಕಾ ಉಗಿದು ಹೋಗುತ್ತಾರೆ. ಒಮ್ಮೆ ಬಸ್ಸಿನ ಕಿಟಕಿಯಿಂದ ಅದನ್ನು ಕಂಡ ಚಂದ್ರಾಮಣ್ಣ ಅಂದಿನಿಂದ ಆ ದಾರಿಯ ಬಸ್ಸನ್ನೇ ಬಿಟ್ಟಿದ್ದ. ಹೊಟ್ಟೆಪಾಡಿಗೆ ಪ್ಲೈವುಡ್ಡಿನ ಮಂಚ, ಪ್ಲೈವುಡ್ಡಿನ ಕಪಾಟು ಮಾಡತೊಡಗಿದ. ಕೊಯ್ದಾಗ ಏಳುವ ಅಂಟಿನ ನಾತಕ್ಕೆ ತಲೆ ಹಿಡಿಯುತ್ತದೆ ಎನ್ನುತ್ತಿದ್ದ. ಇದು ಮರವಲ್ಲ, ಮರದ ಎಂಜಲು ಎನ್ನುತ್ತಿದ್ದ. ಉಣ್ಣಲು ಕೂಡುವ ಮುಂಚೆ ಹುಣಸೆಹಣ್ಣು ಹಚ್ಚಿ ಕೈ ಉಜ್ಜಿಕೊಳ್ಳುತ್ತಿದ್ದ, ಆದರೂ ರೊಟ್ಟಿಗೆ ಅದೇ ನಾತ ಹತ್ತುತ್ತದೆ ಎಂದು ಅರ್ಧಕ್ಕೇ ಏಳುತ್ತಿದ್ದ. ಅವನ ಹೆಂಡತಿ ಮೌನೇಶ್ವರಿ ಇದನ್ನು ನನಗೆ ಹೇಳಿದಾಗ ಕಣ್ಣು ಒರೆಸಿಕೊಂಡಿದ್ದಳು.

ನಾನು ಅವನ ಬಾಗಿಲಿಗೆ ಹೋದದ್ದು ಮೂರು ವರ್ಷದ ಹಿಂದೆ, ಒಂದು ಸುಡು ಬೇಸಿಗೆಯಲ್ಲಿ, ಕೆಟ್ಟ ಗಿಟಾರೊಂದನ್ನು ಹಿಡಿದುಕೊಂಡು. ಹಳೇ ನಮೂನೆಯ ಗಿಟಾರು ಎಂದು ಹೇಳಿ ಒಬ್ಬ ದಲಾಲಿ ಹೈದರಾಬಾದಿನಲ್ಲಿ ನನ್ನ ಕೊರಳಿಗೆ ಕಟ್ಟಿದ್ದ ಗಿಟಾರು ಅದು. ಅರವತ್ತು ವರ್ಷದ ಹಿಂದಿನ ಗಿಟಾರುಗಳ ಹಾಗೆ ಅದರ ಕತ್ತಿನ, ಎಂದರೆ ಎಡಗೈಯಲ್ಲಿ ಹಿಡಿದು ಬೆರಳು ಒತ್ತುವ ಉದ್ದನೆಯ ಮರದ, ಬೆನ್ನಿಗೆ ಉದ್ದಕ್ಕೆ ಒಂದು ಕಪ್ಪು ಪಟ್ಟಿ ಇತ್ತು. ಆ ಪಟ್ಟಿ ಇದ್ದರೆ ಒಳಗೆ ಕಬ್ಬಿಣದ ಸಳಿ ಇದೆ ಎಂದು ಅರ್ಥ. ಇಂಗ್ಲಿಷಿನಲ್ಲಿ ಅದನ್ನು ಟ್ರಸ್ ರಾಡ್ ಎನ್ನುತ್ತಾರೆ. ಗಿಟಾರಿನ ಆರು ತಂತಿ ಸೇರಿ ಹೆಚ್ಚು ಕಡಿಮೆ ಅರ್ಧ ಚೀಲ ಜೋಳದ ಭಾರದಷ್ಟು ಎಳೆಯುತ್ತವೆ. ಬರೀ ಮರ ಅಷ್ಟು ತಡೆಯುವುದಿಲ್ಲ, ಬಾಗುತ್ತದೆ. ಬಾಗದಂತೆ ಒಳಗಿಂದ ಹಿಡಿಯುವುದೇ ಸಳಿಯ ಕೆಲಸ. ನನ್ನ ಗಿಟಾರಿನ ಕತ್ತು ಮಾತ್ರ ಚೈತ್ರದ ಬಿಸಿಲಿಗೆ ಕುಡುಗೋಲಿನ ಹಾಗೆ ಬಾಗಿ ಕೂತಿತ್ತು.

ಊರಲ್ಲಿ ಕೈ ಹಾಕುವವರು ಸಿಗಲಿಲ್ಲ. ನನ್ನ ಜೊತೆ ತಾಳವಾದ್ಯ ಬಾರಿಸುವ ಅಲ್ಲಾಬಕ್ಷ ಕೆಂಭಾವಿಯ ಬಂಡಿ ಬಡಿಗೇರನಿಗೆ ತೋರಿಸು ಎಂದ. ನಾನು ಅವನ ಮಾತಿಗೆ ನಕ್ಕೆ, ಆದರೂ ಹೋದೆ. ಚಂದ್ರಾಮಣ್ಣ ಕತ್ತನ್ನು ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ಬಡಿದು ಕೇಳಿದ, ಕಪ್ಪು ಪಟ್ಟಿಯ ಮೇಲೆ ಚಾಕುವಿನ ಮೊನೆ ಎಳೆದ. ಪಟ್ಟಿ ಪುಡಿಯಾಗಿ ಉದುರಿತು. ಅದು ಮರವೇ ಅಲ್ಲ, ಬಣ್ಣದ ಗೀಟು. ಒಳಗೆ ಸಳಿಯೂ ಇಲ್ಲ, ಸುಡುಗಾಡೂ ಇಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೀಗೆ ಮೋಸ ಮಾಡಿ ಬದುಕುವವರ ಬಾಯಲ್ಲಿ ಹುಳ ಬೀಳಬೇಕು ಎಂದು ಅವನ ಅಂಗಳದಲ್ಲಿ ನಿಂತು ಕೂಗಾಡಿದೆ. ಈಗ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಚಂದ್ರಾಮಣ್ಣನಿಗೆ ನನ್ನ ಕೂಗಾಟ ಕೇಳಿಸಲೇ ಇಲ್ಲವೇನೋ. ಮರದ ಒಳಗೆ ಕಬ್ಬಿಣ ಇಟ್ಟು ಬಿಗಿಯುವ ವಿಷಯ ಅವನ ತಲೆಗೆ ಹೊಕ್ಕಿತ್ತು. ಗಾಲಿಗೆ ಹೊರಗಿಂದ ಪಟ್ಟಿ, ಇದಕ್ಕೆ ಒಳಗಿಂದ ಸಳಿ, ಅಷ್ಟೇ ಹೌದಲ್ಲ ಎಂದು ಕೇಳಿದ. ಅವನ ಶೆಡ್ಡಿನ ಜಂತಿಯ ಮೇಲೆ ಹಳೇ ಬಂಡಿಗಳ ಮೂಕಿ ಪೇರಿಸಿಟ್ಟಿದ್ದ. ಮೂಕಿ ಎಂದರೆ ಬಂಡಿಯಿಂದ ನೊಗದವರೆಗೆ ಎತ್ತುಗಳ ನಡುವೆ ಚಾಚುವ ಉದ್ದನೆಯ ಮರ. ರೈತರು ಮುರುಕು ಬಂಡಿಗಳನ್ನು ಒಲೆಗೆ ಹಾಕುವಾಗ ಇವನು ಬೇಡಿ ತಂದ ಸಾಗವಾನಿ ಮೂಕಿಗಳು ಅವು. ನಲವತ್ತು ಐವತ್ತು ವರ್ಷ ಬಿಸಿಲು ಮಳೆ ಉಂಡ ಮರ. ಇನ್ನು ಅದು ಬಾಗಲು ಏನೂ ಉಳಿದಿಲ್ಲ ಎಂದು ಒಂದನ್ನು ಇಳಿಸಿ ಉಳಿ ಹಿಡಿದ.

ಹಳೇ ನಮೂನೆಯ ಕತ್ತು ಒಂದೇ ಮರದ ತುಂಡು. ಬೆರಳಿಡುವ ಮುಖಕ್ಕೆ ಬೇರೆ ಹಲಗೆ ಅಂಟಿಸುವುದಿಲ್ಲವಾದ್ದರಿಂದ ಸಳಿಯನ್ನು ಬೆನ್ನಿನ ಕಡೆಯಿಂದಲೇ ಒಳಗಿಡಬೇಕು. ಅದಕ್ಕೆ ಬೆನ್ನಿನಲ್ಲಿ ಉದ್ದಕ್ಕೆ ಕಾಲುವೆ ಕೊರೆದು, ಸಳಿ ಇಟ್ಟು, ಮೇಲೆ ಕಪ್ಪು ಮರದ ಪಟ್ಟಿ ಅಂಟಿಸಿ ಮುಚ್ಚುವುದು. ಅಲ್ಲಾಬಕ್ಷ ಫೋನಿನಲ್ಲಿ ವಿಡಿಯೋ ತೋರಿಸಿದ. ಚಂದ್ರಾಮಣ್ಣ ಮೊದಲ ಕತ್ತಿನಲ್ಲಿ ಸಳಿಯನ್ನು ಮರದ ನಟ್ಟನಡುವೆ ನೆಟ್ಟಗೆ ಇಟ್ಟ. ಎಷ್ಟು ಬಿಗಿದರೂ ಕತ್ತು ಮಿಸುಕಲಿಲ್ಲ. ಎರಡನೆಯದಕ್ಕೆ ಸಳಿ ಬಾಗಿಸಿದ, ಆದರೆ ಬಾಗು ತಿರುಗಾಮುರುಗಾ ಆಯಿತು. ಬಿಗಿದರೆ ಸಳಿಯೂ ತಂತಿಯ ಜೊತೆ ಸೇರಿ ಕತ್ತನ್ನು ಮುಂದಕ್ಕೇ ಎಳೆಯಿತು. ಎರಡನ್ನೂ ತಾನೇ ಒಲೆಗೆ ಹಾಕಿ ಅನ್ನ ಬೇಯಿಸಿದ.

ಮೂರನೆಯದು ಕೂಡಿಬಂತು. ಸಳಿಯ ನಡುಭಾಗ ಬೆನ್ನಿನ ಕಡೆಗೆ ತುಸು ಜೋತಿರಬೇಕು, ಒಂದು ತುದಿ ತಲೆಯ ಹತ್ತಿರ ಊರಿರಬೇಕು, ಇನ್ನೊಂದು ತುದಿಗೆ ಬುಡದಲ್ಲಿ ನಟ್ಟು ಇರಬೇಕು. ನಟ್ಟು ಬಿಗಿದಾಗ ಜೋತ ಸಳಿ ನೆಟ್ಟಗಾಗಲು ಹೆಣಗುತ್ತದೆ, ಆ ಹೆಣಗಾಟದಲ್ಲಿ ಕತ್ತನ್ನು ಹಿಂದಕ್ಕೆ ಒತ್ತುತ್ತದೆ. ತಂತಿ ಮುಂದಕ್ಕೆ, ಸಳಿ ಹಿಂದಕ್ಕೆ. ಎರಡೂ ಸರಿತೂಗಿದಾಗ ಕತ್ತು ನೆಟ್ಟಗೆ ನಿಲ್ಲುತ್ತದೆ. ಪಟ್ಟಿಗೆ ಅವನು ಕರಿಜಾಲಿಯ ತಿರುಳು ಹಾಕಿದ. ಕಬ್ಬಿಣ ಮರದೊಳಗೆ ಹೋಗುವಾಗ ಬಂಡಿಯವರ ಕೈ ತಾನಾಗಿ ಎಣ್ಣೆಯ ಡಬ್ಬಿಗೆ ಹೋಗುತ್ತದಂತೆ. ಅವನ ಕೈಯೂ ಹೋಗಿತ್ತು, ಎಳೆದುಕೊಂಡನಂತೆ. ಎಣ್ಣೆ ಕುಡಿದ ಮರವನ್ನು ಅಂಟು ಹಿಡಿದುಕೊಳ್ಳುವುದಿಲ್ಲ ಎಂದು ನನಗೆ ಎರಡು ಸಲ ಹೇಳಿದ. ನಟ್ಟನ್ನು ಬೇಸಿಗೆಗೊಮ್ಮೆ ಮಳೆಗಾಲಕ್ಕೊಮ್ಮೆ ಕಾಲು ಸುತ್ತು ತಿರುವಿದರೆ ಸಾಕು, ಅದನ್ನೂ ತಾನೇ ಬಂದು ತಿರುವುತ್ತೇನೆ ಎಂದ.

ಆ ಗಿಟಾರಿನ ದನಿ ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ತಂತಿ ಮೀಟಿದರೆ ಸದ್ದು ಎದೆಗೆ ಬಂದು ಕೂಡುತ್ತಿತ್ತು ಎಂದಷ್ಟೇ ಬಲ್ಲೆ. ಯಾದಗಿರಿ ಮೂಲದ ಸುನೀಲಕುಮಾರ ಎಂಬವನು ಅದನ್ನು ಒಂದು ಕಾರ್ಯಕ್ರಮದಲ್ಲಿ ಕೇಳಿದ. ಅವನು ಹೈದರಾಬಾದಿನಲ್ಲಿ ಹಳೇ ನಮೂನೆಯ ಗಿಟಾರುಗಳನ್ನೇ ಮಾಡುವ ಕಾರ್ಖಾನೆ ಇಟ್ಟವನು. ಕೆಂಭಾವಿಗೆ ಹೋಗಿ ಜಂತಿಯ ಮೇಲಿನ ಮೂಕಿಗಳನ್ನೆಲ್ಲ ಮುಟ್ಟಿ ನೋಡಿದ. ಒಂದು ಬೇಸಿಗೆ ಈ ಕತ್ತು ತಡೆಯಲಿ, ಆಮೇಲೆ ನಮ್ಮ ಕಾರ್ಖಾನೆಯ ಕತ್ತುಗಳೆಲ್ಲ ನಿಮ್ಮವೇ ಎಂದು ಚಂದ್ರಾಮಣ್ಣನಿಗೆ ಮಾತು ಕೊಟ್ಟ. ಅದು ಆದರೆ ಚಂದ್ರಾಮಣ್ಣ ಬದುಕಿರುವವರೆಗೂ ನಿಜವಾದ ಮರ ಮುಟ್ಟಿಕೊಂಡಿರಬಹುದಿತ್ತು. ಆಗದಿದ್ದರೆ ಮತ್ತೆ ಆ ಪ್ಲೈವುಡ್ಡು. ಮೌನೇಶ್ವರಿ ಆ ಬೇಸಿಗೆಯನ್ನು ದಿನ ಎಣಿಸಿ ಕಳೆಯುತ್ತಿದ್ದಳು.

ಆ ಬೇಸಿಗೆ ಮುಗಿಯಲು ಬಂದಿತ್ತು. ಶಹಾಪುರದ ಒಂದು ಕಲ್ಯಾಣ ಮಂಟಪದಲ್ಲಿ ಮದುವೆ, ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಕಾರ್ಯಕ್ರಮ. ಸುನೀಲಕುಮಾರ ಆ ಮದುವೆಗೆ ಬರುವವನಿದ್ದ, ಗಿಟಾರನ್ನು ಕಡೆಯ ಸಲ ಕೇಳಿ ಮಾತು ಮುಗಿಸುವವನಿದ್ದ. ಮದುವೆಗೆ ಎರಡು ದಿನ ಮುಂಚೆ ತಂತಿ ಕತ್ತಿನಿಂದ ತುಸು ಎತ್ತರಕ್ಕಿದೆ, ಒತ್ತುವುದು ಕಷ್ಟ ಎಂದು ನನಗೆನಿಸಿತು. ನನಗೂ ವಯಸ್ಸಾಗಿದೆ, ಬೆರಳ ಗೆಣ್ಣು ನೋಯುತ್ತವೆ. ಆದರೆ ಅದನ್ನು ಯಾರ ಮುಂದೆಯೂ ಒಪ್ಪಿಕೊಳ್ಳುವವನಲ್ಲ ನಾನು. ನಟ್ಟು ಬಿಗಿಸಿ ತಂತಿಯನ್ನು ಇನ್ನೂ ಕೆಳಗಿಳಿಸಿದರೆ ಬೆರಳು ಸಲೀಸಾಗಿ ಓಡುತ್ತವೆ, ಸುನೀಲಕುಮಾರನ ಎದುರು ಮೆರೆಯಬಹುದು ಎಂದುಕೊಂಡು ಗಿಟಾರು ಹೊತ್ತು ಕೆಂಭಾವಿಗೆ ಹೋದೆ.

ಅಂದು ಅಮಾವಾಸ್ಯೆ. ಅಮಾವಾಸ್ಯೆಗೆ ಬಡಿಗೇರರು ಹತಾರ ಮುಟ್ಟುವುದಿಲ್ಲ. ಉಳಿ, ಬಾಚಿ, ಗರಗಸ ಎಲ್ಲ ತೊಳೆದು ವಿಭೂತಿ ಹಚ್ಚಿ ಮನೆದೇವರು ಮೌನೇಶ್ವರನ ಫೋಟೊದ ಮುಂದೆ ಸಾಲಾಗಿ ಮಲಗಿಸಿದ್ದರು. ಚಂದ್ರಾಮಣ್ಣ ಗಿಟಾರನ್ನು ಕಣ್ಣಿಗೆ ಹಿಡಿದು ನೋಡಿ, ಕತ್ತು ನೆಟ್ಟಗೇ ಇದೆ, ನಾಳೆ ಬೇಕಾದರೆ ಕೂದಲೆಳೆಯಷ್ಟು ತಿರುವೋಣ ಎಂದ. ಒಂದು ನಟ್ಟು ತಿರುವಲು ಎಂಥ ಅಮಾವಾಸ್ಯೆ ಎಂದು ನಾನು ಕುಟುಕಿದೆ. ಅವನು ಬೇಸರಪಟ್ಟುಕೊಳ್ಳಲಿಲ್ಲ.

"ಇವತ್ತ ಹತಾರ ಮುಟ್ಟಂಗಿಲ್ರಿ ಮಾಸ್ತರ್ರ. ನಾಳಿ ಮುಂಜಾನಿ ಮೊದಲ ಬಸ್ಸಿಗೆ ನಾನ ಬರ್ತೀನಿ," ಎಂದ. "ಅಲ್ಲೀ ತನಕ ನೀವು ತಿರುವಾಕ ಹೋಗಬ್ಯಾಡ್ರಿ. ಏನೂ ಹಾಕಾಕ ಹೋಗಬ್ಯಾಡ್ರಿ."

ಮನೆಗೆ ಬಂದವನೇ ನಾಲ್ಕು ಸ್ಕ್ರೂ ಬಿಚ್ಚಿ ಕತ್ತು ಕಳಚಿದೆ. ಹಳೇ ನಮೂನೆಯಲ್ಲಿ ನಟ್ಟು ಬುಡದಲ್ಲಿರುತ್ತದೆ, ಕತ್ತು ಕಳಚದೆ ಅದು ಕೈಗೆ ಸಿಗುವುದಿಲ್ಲ. ತಿರುವಿದರೆ ನಟ್ಟು ಕಿರ್ ಎಂದಿತು, ಮುಂದೆ ಹೋಗಲಿಲ್ಲ. ನಾನೂ ಒಕ್ಕಲುತನದ ಮನೆಯವನೇ. ನಮ್ಮ ಬಂಡಿಗೆ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ಸದಾ ತೂಗಾಡುತ್ತಿತ್ತು, ಗಾಲಿ ಕಿರ್ ಎಂದರೆ ಅಪ್ಪ ಇಳಿದು ಎಣ್ಣೆ ಹಾಕುತ್ತಿದ್ದ. ಕಿರ್ ಎಂದದ್ದಕ್ಕೆ ಎಣ್ಣೆ, ಬೇರೆ ಏನೂ ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಸುಳ್ಳು. ಅವನು ಹೇಳಿದ್ದು ನೆನಪಿತ್ತು, ಬಡಿಗೇರನಿಂದ ನಾನೇನು ಕೇಳುವುದು ಎಂದು ಬಿಟ್ಟೆ. ಬೇಸಿಗೆಗೆಂದು ತಲೆಗೆ ಹಚ್ಚಿಕೊಳ್ಳುವ ಔಡಲೆಣ್ಣೆ, ಎಂದರೆ ಹರಳೆಣ್ಣೆ, ಮನೆಯಲ್ಲಿತ್ತು. ಕತ್ತನ್ನು ತಲೆಕೆಳಗಾಗಿ ಗೋಡೆಗೆ ಆನಿಸಿ, ನಟ್ಟಿನ ತೂತಿಗೆ ಚಮಚದಿಂದ ಎಣ್ಣೆ ಬಿಟ್ಟೆ. ಮರ ಕುಡಿಯಿತು. ಮತ್ತೆ ಬಿಟ್ಟೆ. ಸಂಜೆಗೆ ನಟ್ಟು ಬೆಣ್ಣೆಯ ಹಾಗೆ ತಿರುಗಿತು. ಕಾಲು ಸುತ್ತಲ್ಲ, ಎರಡು ಸುತ್ತು ಬಿಗಿದೆ.

ಮರುದಿನ ಮುಂಜಾನೆ ಚಂದ್ರಾಮಣ್ಣ ಹೇಳಿದ ಹಾಗೆ ಬಂದ. ಬಗಲಲ್ಲಿ ಹತಾರದ ಚೀಲ, ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ನಾನು ಗಿಟಾರಿನ ಮೇಲೆ ಚಾದರ ಹೊದಿಸಿ, ಬಾಗಿಲಲ್ಲೇ ಅವನನ್ನು ತಡೆದು, ತಂತಿ ತಾನಾಗಿ ಸರಿಹೋಗಿದೆ, ನೀನು ಬರಬೇಕಿರಲಿಲ್ಲ ಎಂದೆ. ಒಂದು ಸಲ ನೋಡಲೇನು ಎಂದು ಕೇಳಿದ. ಬೇಡ ಎಂದೆ. ಚಹಾ ಕುಡಿ ಎನ್ನುವ ಸೌಜನ್ಯವನ್ನೂ ತೋರಲಿಲ್ಲ, ಒಳಗೆ ಬಂದರೆ ಎಣ್ಣೆಯ ವಾಸನೆ ಹತ್ತೀತೆಂಬ ಹೆದರಿಕೆ. ಅವನು ತಲೆ ಅಲ್ಲಾಡಿಸಿ, ಮದುವೆಯ ದಿನ ಮಂಟಪಕ್ಕೆ ಬರುತ್ತೇನೆ ಎಂದು ಬಸ್ ನಿಲ್ದಾಣದ ಕಡೆ ನಡೆದ. ಆಗಲಾದರೂ ಕೂಗಿ ಕರೆಯಬಹುದಿತ್ತು.

ಮದುವೆಯ ದಿನ ಬಿಸಿಲು ನಲವತ್ತನಾಲ್ಕು ದಾಟಿತ್ತು. ಗಿಟಾರು ಎರಡು ತಾಸು ವ್ಯಾನಿನಲ್ಲಿ ಬೆಂದಿತ್ತು. ಮೊದಲ ಹಾಡು ಚೆನ್ನಾಗಿಯೇ ಹೋಯಿತು, ಬೆರಳು ಸಲೀಸಾಗಿ ಓಡಿದವು, ಮುಂದಿನ ಸಾಲಿನಲ್ಲಿ ಕೂತಿದ್ದ ಸುನೀಲಕುಮಾರ ತಲೆದೂಗಿದ. ಎರಡನೆಯ ಹಾಡಿನ ನಡುವೆ ನನ್ನ ಎಡಗೈಯೊಳಗೆ ಟಪ್ ಎಂದಿತು. ತಲೆಯ ಕಡೆಯ ಪಟ್ಟಿ ಎದ್ದು ಬಂದಿತ್ತು, ಅದರ ಹಿಂದೆ ಸಳಿ ಹೊರಬಿದ್ದಿತ್ತು. ಕತ್ತು ಮುಂದಕ್ಕೆ ಬಾಗಿತು, ಆರೂ ತಂತಿ ಒಮ್ಮೆಲೆ ಅಪಸ್ವರಕ್ಕೆ ಬಿದ್ದವು. ದೊಡ್ಡ ಸ್ಪೀಕರಿನಲ್ಲಿ ಆ ಸದ್ದು ಎಮ್ಮೆ ಅರಚಿದಂತೆ ಕೇಳಿಸಿ, ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ನಕ್ಕರು.

ನಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮೈಕು ಎದುರಿಗೇ ಇತ್ತು. ಎಣ್ಣೆ ನನ್ನ ಅಂಗೈಗೆ ಹತ್ತಿ ಜಾರುತ್ತಿತ್ತು, ಅದನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಮಾತಾಡಿದೆ.

"ತಪ್ಪು ತಿಳಕೊಬ್ಯಾಡ್ರಿ. ಬಂಡಿ ಮಾಡವನ ಕೈಯಾಗ ಗಿಟಾರ ಕೊಟ್ರ ಹಿಂಗ ಆಗ್ತದ. ಕೆಂಭಾವಿ ಚಂದ್ರಾಮಪ್ಪಗ ಇದಕ್ಕ ಎರಡು ಎತ್ತು ಹೂಡ್ಲಾ ಅಂತ ಕೇಳ್ತೀನಿ."

ಮಂಟಪವೆಲ್ಲ ನಕ್ಕಿತು. ಈ ಸಲ ನನ್ನನ್ನು ಕಂಡಲ್ಲ. ಚಂದ್ರಾಮಣ್ಣ ಬಾಗಿಲ ಪಕ್ಕದಲ್ಲಿ ಮಡಿ ಧೋತರ ಉಟ್ಟು ನಿಂತಿದ್ದ, ಅವನ ಜೊತೆ ಮೌನೇಶ್ವರಿ ಇದ್ದಳು. ಹತ್ತಿರವಿದ್ದವರು ಅವರತ್ತ ಕೈ ಮಾಡಿ ತೋರಿಸಿ ನಕ್ಕರು. ಸುನೀಲಕುಮಾರ ಎದ್ದು, ಚಂದ್ರಾಮಣ್ಣನ ಹೆಗಲು ತಟ್ಟಿ ಏನೋ ಹೇಳಿ, ಉಣ್ಣದೆ ಕಾರು ಹತ್ತಿದ. ಮುಂದೆ ಅವನು ಕೆಂಭಾವಿಗೆ ಬರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಚಂದ್ರಾಮಣ್ಣ ವೇದಿಕೆಗೆ ಬಂದು ತಾನೇ ಕತ್ತು ಕಳಚಿದ. ಎದ್ದ ಪಟ್ಟಿಯನ್ನು ನೋಡಿದ. ಕತ್ತಿನ ಬುಡವನ್ನು ಮೂಗಿನ ಹತ್ತಿರ ಹಿಡಿದು ಮೂಸಿದ, ಆಮೇಲೆ ನನ್ನ ಮುಖ ನೋಡಿದ. ಔಡಲೆಣ್ಣೆಯ ವಾಸನೆ ಬಂಡಿ ಬಡಿಗೇರನಿಗೆ ತಿಳಿಯದೇ ಇರುತ್ತದೆಯೇ. ಅವನು ಬೈಯುತ್ತಾನೆ ಎಂದು ಕಾದೆ, ಬೈದರೆ ತಿರುಗಿ ಏನು ಹೇಳಬೇಕೆಂದು ಬಾಯಲ್ಲಿ ಕೂಡಿಸಿಕೊಂಡಿದ್ದೆ. ಅವನು ಹೆಗಲ ಟವೆಲಿನಲ್ಲಿ ಕತ್ತನ್ನು ಸುತ್ತಿಕೊಂಡು ಹೋದ.

ಅಲ್ಲಿಂದ ಆ ಮಾತು ಫೋನಿನಿಂದ ಫೋನಿಗೆ ಹಬ್ಬಿತು. ಯಾರೋ ನನ್ನ ಮಾತಿನ ವಿಡಿಯೋ ಮಾಡಿದ್ದರು. ಕೆಂಭಾವಿಯ ಸಂತೆಯಲ್ಲಿ ಪಡ್ಡೆ ಹುಡುಗರು ಚಂದ್ರಾಮಣ್ಣನನ್ನು ಕಂಡರೆ ಎತ್ತು ಹೂಡ್ಲಾ ಎಂದು ಕೇಳತೊಡಗಿದರು. ಎರಡು ತಿಂಗಳಾದ ಮೇಲೆ ಅವನು ನನ್ನ ಅಂಗಡಿಗೆ ಬಂದು ಹೊಸ ಕತ್ತನ್ನು ಕೊಟ್ಟು ಹೋದ. ಅದೇ ಮೂಕಿಯ ಮರ, ಅದೇ ಜಾಲಿಯ ಪಟ್ಟಿ. ಕೆಟ್ಟದ್ದನ್ನು ಸರಿಮಾಡಿ ಕೊಡುವುದು ನಮ್ಮ ಮನೆಯ ರೀತಿ ಎಂದ. ನಾನು ಇಸಿದುಕೊಂಡೆ. ಅದರ ತಂತಿ ಮೀಟಿದಾಗ ಮೊದಲನೆಯದಕ್ಕಿಂತ ಸೊಗಸಾದ ದನಿ ಬಂತು. ಅಂದಿನಿಂದ ಊಟ ರುಚಿಸಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಳ್ಳುವುದನ್ನೂ ಬಿಟ್ಟೆ, ಆ ವಾಸನೆ ಬಂದರೆ ಎದ್ದು ಹೊರಗೆ ಹೋಗುವಂತಾಗುತ್ತಿತ್ತು.

ಕಾರ್ತಿಕದಲ್ಲಿ ತಡೆಯಲಾರದೆ ಕೆಂಭಾವಿಗೆ ಹೋದೆ. ಅವನು ಪ್ಲೈವುಡ್ಡು ಕೊಯ್ಯುತ್ತಿದ್ದ, ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ. ಜಂತಿಯ ಮೇಲೆ ಮೂಕಿಗಳು ಕಾಣಲಿಲ್ಲ. ಕೇಳಿದರೆ, ಇಟ್ಟುಕೊಂಡು ಏನು ಮಾಡಲಿ, ಓಣಿಯವರ ಒಲೆಗೆ ಕೊಟ್ಟೆ ಎಂದ. ನಾನು ನಿಂತಲ್ಲೇ ಎಲ್ಲ ಒದರಿದೆ. ಎಣ್ಣೆ, ಎರಡು ಸುತ್ತು, ಬಾಗಿಲಲ್ಲಿ ಹೇಳಿದ ಸುಳ್ಳು. ಅವನಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಹಾಗಾದರೆ ಅಂದೇ ಮಂಟಪದಲ್ಲಿ ಎಲ್ಲರೆದುರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಇಷ್ಟಾದ ಮೇಲೂ ಅವನನ್ನೇ ತಪ್ಪಿನಲ್ಲಿ ನಿಲ್ಲಿಸುವ ನನ್ನ ಬುದ್ಧಿ ನೋಡಿ.

ಅವನು ಮೂಗಿನ ಬಟ್ಟೆ ಕೆಳಗೆ ಸರಿಸಿದ. "ನಾ ಹೇಳಿದ್ರ ನಾಲ್ಕು ಮಂದಿಗಿ ಕೇಳ್ತಿತ್ರಿ. ಮೈಕು ನಿಮ್ಮ ಕೈಯಾಗಿತ್ತು."

ಹಾಗಾದರೆ ಮೈಕಿನಲ್ಲೇ ಹೇಳುತ್ತೇನೆ, ನಿಮ್ಮೂರಿನಲ್ಲೇ ಹೇಳುತ್ತೇನೆ ಎಂದೆ. ಅವನು ಮತ್ತೆ ಮೂಗಿಗೆ ಬಟ್ಟೆ ಏರಿಸಿ ಗರಗಸ ಹಿಡಿದ. ಆದರೆ ಒಳಗಿನಿಂದ ಮೌನೇಶ್ವರಿ ಹೊರಗೆ ಬಂದು, ಯಾವತ್ತು ಎಂದು ಕೇಳಿದಳು. ಅವಳ ಮುಖದಲ್ಲಿ ಆಸೆ ಇತ್ತು. ಸುನೀಲಕುಮಾರನಿಗೂ ಅದು ತಲುಪೀತು, ಕೆಲಸ ತಿರುಗಿ ಬಂದೀತು ಎಂದು ಅವಳು ಎಣಿಸಿದ್ದು ನನಗೆ ಗೊತ್ತಾಯಿತು. ಡಿಸೆಂಬರಿನಲ್ಲಿ ಇಲ್ಲಿನ ಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮದೇ ಕಾರ್ಯಕ್ರಮ, ಇಬ್ಬರೂ ಬರ್ರಿ ಎಂದು ಹೇಳಿ ಬಂದೆ.

ವಾರ್ಷಿಕೋತ್ಸವದ ದಿನ ಮಧ್ಯಾಹ್ನವೇ ಮೈದಾನ ತುಂಬಿತ್ತು. ಗಂಡ ಹೆಂಡತಿ ಮೂರನೆಯ ಸಾಲಿನಲ್ಲಿ ಕೂತಿದ್ದರು. ಸುನೀಲಕುಮಾರನಿಗೆ ಕಳಿಸಲೆಂದು ಅಲ್ಲಾಬಕ್ಷ ಫೋನಿನಲ್ಲಿ ವಿಡಿಯೋ ಹಿಡಿದ. ನಾನು ಮೈಕು ತೆಗೆದುಕೊಂಡು, ಆ ಮದುವೆಯಲ್ಲಿ ಗಿಟಾರು ಕೆಡಿಸಿದವನು ನಾನು, ಎಣ್ಣೆ ಹಾಕಿದವನು ನಾನು, ಚಂದ್ರಾಮಣ್ಣನ ಕೆಲಸದಲ್ಲಿ ಕುಂದಿರಲಿಲ್ಲ, ನಾನು ಸುಳ್ಳು ಹೇಳಿದೆ ಎಂದೆ. ದನಿ ನಡುಗಿತು, ಕಣ್ಣಲ್ಲಿ ನೀರೂ ಬಂತು. ಆಮೇಲೆ ಚಪ್ಪಾಳೆ ಶುರುವಾಯಿತು.

ಯಾಕೆ ಚಪ್ಪಾಳೆ ಎಂದು ನನಗೆ ಮೊದಲು ತಿಳಿಯಲಿಲ್ಲ. ಶಾಲೆಯ ಸಮಿತಿಯ ಅಧ್ಯಕ್ಷರು ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು. ಅಡತಿ ಅಂಗಡಿಯ ದೊಡ್ಡ ವ್ಯಾಪಾರಿ ಅವರು.

"ನೋಡ್ರಿ, ದೊಡ್ಡ ಮನಸಂದ್ರ ಇದು," ಎಂದರು. "ಬಡವನ ಕೈಯಾಗ ಆದ ತಪ್ಪು ಮಾಸ್ತರ್ರು ತಮ್ಮ ತಲಿ ಮ್ಯಾಲ ಹಾಕ್ಕೊಂಡಾರ. ಹುಡುಗ್ರು ಇಂಥವರಿಂದ ಕಲೀಬೇಕು."

ಅಲ್ಲ, ಹಾಗಲ್ಲ ಎಂದೆ. ಮೈಕು ನನ್ನ ಕೈಯಲ್ಲಿರಲಿಲ್ಲ, ಚಪ್ಪಾಳೆಯಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಅಧ್ಯಕ್ಷರು ಅತಿಥಿಗೆಂದು ತರಿಸಿದ್ದ ಶಾಲು ಬಿಚ್ಚಿದರು, ಇನ್ನೊಬ್ಬರು ಹಾರ ತಂದರು. ಆಗ ಶಾಲು ಕಿತ್ತು ಎಸೆಯಬೇಕಿತ್ತು, ಮೈಕು ಕಸಿದುಕೊಂಡು ಇನ್ನೊಮ್ಮೆ ಕೂಗಿ ಹೇಳಬೇಕಿತ್ತು. ನಾನು ಮಾಡಿದ್ದು ಇಷ್ಟು, ಹಾರ ಹಾಕಿಸಿಕೊಳ್ಳಲು ತಲೆ ಬಗ್ಗಿಸಿದೆ, ಎರಡೂ ಕೈ ಜೋಡಿಸಿದೆ. ಮೂವತ್ತು ವರ್ಷದ ರೂಢಿ, ಫೋಟೊದವನ ಕಡೆ ಮುಖವನ್ನೂ ತಿರುಗಿಸಿದೆ. ಒಳಗೆಲ್ಲೋ ಸಣ್ಣಗೆ ಹಿತವಾಗಿದ್ದು ನಿಜ. ಥೂ, ಅದನ್ನು ಬರೆಯುವಾಗ ನನ್ನ ಕೈಯೇ ನನಗೆ ನಾರುತ್ತದೆ.

ಚಂದ್ರಾಮಣ್ಣ ಎದ್ದು ಜನರ ನಡುವೆ ದಾರಿ ಮಾಡಿಕೊಂಡು ಗೇಟಿನ ಕಡೆ ಹೊರಟಿದ್ದ. ಅವನ ಅಕ್ಕಪಕ್ಕದವರು, ಮಾಸ್ತರರ ಕಾಲಿಗೆ ಬಿದ್ದು ಹೋಗು ಎಂದು ಅವನಿಗೆ ಬುದ್ಧಿ ಹೇಳುತ್ತಿದ್ದರಂತೆ. ಮೌನೇಶ್ವರಿ ಮಾತ್ರ ವೇದಿಕೆಯ ಹತ್ತಿರ ಬಂದಳು. ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತು ನನ್ನ ಶಾಲು ನೋಡಿದಳು. ದನಿ ಏರಿಸಲಿಲ್ಲ.

"ಮದುವ್ಯಾಗ ನಮ್ಮವರಿಗಿ ಕೆಲಸ ಬರಂಗಿಲ್ಲ ಅಂದ್ರಿ, ತಡಕೊಂಡೀವ್ರಿ. ತಮಗ ಕೆಲಸ ಬರ್ತದಂತ ಅವರಿಗಿ ಗೊತ್ತಿತ್ತು. ಇವತ್ತ ನಮ್ಮನ್ನ ನಿಮ್ಮ ದಯಾದ ಮ್ಯಾಲ ಬದಕವರ ಮಾಡಿದ್ರಿ. ಇನ್ನ ನಮ್ಮ ಮನಿ ಕಡಿ ಬರಬ್ಯಾಡ್ರಿ."

ಸೆರಗು ಹೊದ್ದು ಗಂಡನ ಹಿಂದೆ ನಡೆದಳು. ಅಲ್ಲಾಬಕ್ಷ ಅಧ್ಯಕ್ಷರ ಮಾತೂ ಸೇರಿದ ಆ ವಿಡಿಯೋವನ್ನು ಸುನೀಲಕುಮಾರನಿಗೆ ಆಗಲೇ ಕಳಿಸಿಬಿಟ್ಟಿದ್ದ. ನಿಮ್ಮ ಮಾಸ್ತರರು ದೇವರಂಥ ಮನುಷ್ಯ ಎಂದು ಅಲ್ಲಿಂದ ಉತ್ತರ ಬಂತು. ಅಲ್ಲಾಬಕ್ಷ ಫೋನನ್ನು ನನ್ನ ಮುಖಕ್ಕೆ ಹಿಡಿದು ತೋರಿಸಿ, ತನ್ನ ವಾದ್ಯದ ಮುಂದೆ ಹೋಗಿ ಕೂತ. ಮಕ್ಕಳ ಕುಣಿತಕ್ಕೆ ಹಾಡು ಬಾರಿಸಬೇಕಿತ್ತು, ಶಿಕ್ಷಕಿಯೊಬ್ಬಳು ಶುರು ಮಾಡಿ ಎಂದು ಸನ್ನೆ ಮಾಡಿದಳು. ಶಾಲು ಹೆಗಲ ಮೇಲೆ ಇದ್ದ ಹಾಗೇ ಗಿಟಾರು ಎತ್ತಿಕೊಂಡೆ. ಚಂದ್ರಾಮಣ್ಣ ತಿರುಗಿ ಮಾಡಿಕೊಟ್ಟ ಕತ್ತು ಕೂದಲೆಳೆಯಷ್ಟೂ ಅಲುಗಿರಲಿಲ್ಲ, ಆರೂ ತಂತಿ ಶ್ರುತಿಯಲ್ಲಿದ್ದವು. ಬಾರಿಸಿದೆ.